ನೀಲಮ್ಮಕ್ಕ ಬಿಚ್ಚಿ ಬರೆದ ಹೆಸರುಗಳು

ನೀಲಮ್ಮಕ್ಕನ ಕೈಗೆ ಬಂದ ಯಾವ ಲಗ್ನಪತ್ರಿಕೆಯೂ ರದ್ದಿಗೆ ಹೋಗುತ್ತಿರಲಿಲ್ಲ. ಅದರ ಹಿಂದಿನ ಖಾಲಿ ಜಾಗದಲ್ಲಿ ಅವರು ಪೆನ್ಸಿಲ್ ಹಿಡಿದು ಮ್ಯಾಕ್ರೊ, ಅಂದರೆ ಪ್ರೋಗ್ರಾಮಿನೊಳಗಿನ ಅಡ್ಡಹೆಸರು, ಬಿಚ್ಚುತ್ತಿದ್ದರು. ಮಕ್ತಲ್ ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಅಂಗಡಿಯಲ್ಲಿ, ಹೊಳೆ ಏರಿದರೆ ಕೂಗುವ ಸೈರನ್ ಡಬ್ಬಿಗಳನ್ನು ಮಾಡುತ್ತಿದ್ದೆವು. ಜೂರಾಲ ಅಣೆಕಟ್ಟಿನ ಕೆಳಗೆ ಹೊಳೆಪಾತ್ರದಲ್ಲಿ ಕುರಿ ಮೇಯಿಸುವವರು ಅದನ್ನೇ ನಂಬಿದ್ದರು. ಡಬ್ಬಿಯೊಳಗಿನ ಚಿಪ್ಪಿಗೆ ಪ್ರೋಗ್ರಾಂ ಬರೆಯುವುದು ಅಕ್ಕನ ಕೆಲಸ. ಅದನ್ನು ಬಿಲ್ಡ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ಚಿಪ್ಪಿಗೆ ತುಂಬುವುದು ನನ್ನದು.

ನಾರಾಯಣಪೇಟೆಗೊಂದು, ಗದ್ವಾಲಕ್ಕೊಂದು ಎಂದು ಪ್ರತಿ ಕಡೆಗೂ ಬೇರೆ ಕಾನ್ಫಿಗ್ ಫೈಲು; ಆ ಡಬ್ಬಿ ಹೊಳೆಯದೋ, ಬಟನ್ ಒತ್ತಿದರಷ್ಟೇ ಕೂಗುವ ಊರಿನದೋ ಎಂದು ಹೇಳುವುದು ಅದೇ. ಅದರಲ್ಲಿ ಅಂಕಿಯ ಬದಲು ಹೆಸರುಗಳು. ಒಂದು ಹೆಸರಿನ ಬೆನ್ನು ಹತ್ತಿದರೆ ಇನ್ನೊಂದು, ಅದರಾಚೆ ಮತ್ತೊಂದು. ಕೊನೆಗೆ ಅಂಕಿ ಸಿಗುವ ತನಕ ಅಕ್ಕ ಒಂದರ ಕೆಳಗೊಂದು ಬರೆಯುತ್ತಲೇ ಹೋಗುವರು. ಕಂಪ್ಯೂಟರೇ ಬಿಚ್ಚಿ ತೋರಿಸುತ್ತದಲ್ಲ ಎಂದು ನಾನು ಗೊಣಗಿದರೆ ಕನ್ನಡಕ ಹಣೆಗೇರಿಸಿ ನೋಡುವರು.

"ಕಣ್ಣು ದಾಟಿ ಹೋಗತೈತಪ್ಪಾ ಶರಣಪ್ಪ, ಕೈ ದಾಟೂದಿಲ್ಲ. ಬರದು ನೋಡು, ತಪ್ಪು ತಾನ ಎದ್ದು ಬರತೈತಿ."

ತಪ್ಪು ಎದ್ದು ಬಂದ ದಿನ ಮಿರ್ಚಿ ಬಜ್ಜಿ ತರಿಸುವರು. ಬರದಿದ್ದರೆ ಊಟದ ಡಬ್ಬಿಯನ್ನೂ ಮುಟ್ಟುತ್ತಿರಲಿಲ್ಲ. ಪತ್ರಿಕೆಯ ಮೇಲೆ ಬಿಚ್ಚಿ ಬರೆಯದೆ ಒಂದು ಡಬ್ಬಿಯೂ ಹೊಸ್ತಿಲು ದಾಟಬಾರದು ಎಂಬುದು ಅವರ ಹಟ. ನನಗೆ ಅದು ವಿಪರೀತ ಎನಿಸುತ್ತಿತ್ತು.

ಅಕ್ಕ ಮೈಲಾರಲಿಂಗನ ಹರಕೆಗೆ ಹೋಗಿದ್ದ ವಾರ ಗದ್ವಾಲದ ಕಡೆಯ ಡಬ್ಬಿಗೆ ಅವಸರ ಬಿತ್ತು. ಬೇಕಾಗಿದ್ದುದು ಅಕ್ಕನ ತಮ್ಮ ಮಾಳಪ್ಪನಿಗೇ, ನೂರು ಕುರಿ ಕಾಯುವವನಿಗೆ. ಬಿಲ್ಡ್ ಮಾಡಿದರೆ ಪರದೆ ತುಂಬ ವಾರ್ನಿಂಗು: ಈ ಹೆಸರಿಗೆ ಅರ್ಥ ಕೊಟ್ಟಿಲ್ಲ, ಆ ಹೆಸರಿಗೆ ಅರ್ಥ ಕೊಟ್ಟಿಲ್ಲ. ಬಹಳಷ್ಟು ಹಳೆಯವು, ಉಪದ್ರವವಿಲ್ಲದವು. ತಲೆ ಚಿಟ್ಟು ಹಿಡಿದು, ಅವು ಕಾಣದಂತೆ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಅಕ್ಕನೇ ಇಲ್ಲ, ಪತ್ರಿಕೆ ಯಾರು ಕೇಳುತ್ತಾರೆ? ಟೆಸ್ಟ್ ಬಟನ್ ಒತ್ತಿದೆ, ಸೈರನ್ ಓಣಿ ಕೇಳುವಂತೆ ಕೂಗಿತು. ಮಾಳಪ್ಪ ನಕ್ಕು ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಹೋಗಿ, ದಂಡೆಯ ಕಂಬಕ್ಕೆ ತಾನೇ ಕಟ್ಟಿದ.

ಮಳೆಗಾಲದಲ್ಲಿ ಹೊಳೆ ಬಂತು. ಡಬ್ಬಿ ಕೂಗಲಿಲ್ಲ. ಮಾಳಪ್ಪ ಸಿಕ್ಕಿದ್ದು ಮೂರನೆಯ ದಿನ.

ತಮ್ಮನ ದಿನಕರ್ಮ ಮುಗಿಸಿ ಬಂದ ಅಕ್ಕ ಯಾರನ್ನೂ ಬೈಯಲಿಲ್ಲ. ಬೇರೆ ಡಬ್ಬಿಗಳನ್ನೆಲ್ಲ ಕಂಬದಿಂದ ಇಳಿಸಿ ತರಿಸಿ, ನೆಲದ ಮೇಲೆ ಕೂತು ಬರೆಯತೊಡಗಿದರು. ಎರಡು ದಿನ ಬರೆದರು. ಗದ್ವಾಲದ ಫೈಲಿನಲ್ಲಿ 'ಇದು ಹೊಳೆಯ ಡಬ್ಬಿಯಾದರೆ ನೀರು ಅಳೆಯಬೇಕು' ಎಂಬ ಸಾಲು ಮೊದಲು. 'ಇದು ಹೊಳೆಯ ಡಬ್ಬಿ' ಎಂದು ಹೇಳುವ ಸಾಲು ಅದರ ನಂತರ. ಮೊದಲ ಸಾಲಿಗೆ ಬಂದಾಗ ಆ ಹೆಸರಿಗೆ ಇನ್ನೂ ಅರ್ಥವೇ ಇರಲಿಲ್ಲ. ಅಂಥ ಹೆಸರನ್ನು ಯಂತ್ರ ಸೊನ್ನೆ ಎಂದು ತಿಳಿದು ಮುಂದೆ ಹೋಗುತ್ತದೆ. ನೀರು ಅಳೆಯುವ ಭಾಗ ಆ ಚಿಪ್ಪಿನೊಳಗೆ ಹೋಗಿರಲೇ ಇಲ್ಲ. ಬಟನ್ ಒತ್ತಿದರೆ ಕೂಗುವುದಷ್ಟೇ ಅದಕ್ಕೆ ಬರುತ್ತಿತ್ತು.

ಪತ್ರಿಕೆಯ ಕೊನೆಗೆ ಅಕ್ಕ, ಆ ಹೆಸರಿನ ವಾರ್ನಿಂಗನ್ನೂ ಮರೆಮಾಡಿದ್ದ ನನ್ನ ಸಾಲನ್ನು ಬರೆದಿದ್ದರು.

"ಇದು ನೀ ಹಾಕಿದ್ದೇನು?"

"ಹೌದ್ರಿ ಅಕ್ಕ."

"ಬರದು ನೋಡಿದ್ದೇನು?"

"ಇಲ್ರಿ."

"ಸಾಲು ಹಿಂದಮುಂದ ಇಟ್ಟಾಕಿ ನಾನ. ನಿನಗೊಬ್ಬಗ ಹ್ಯಾಂಗ ಅನ್ಲಿ" ಎಂದು ಪೆನ್ಸಿಲ್ ಕೆಳಗಿಟ್ಟರು. ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮಾಳಪ್ಪನ ಹೆಂಡತಿ ಮಕ್ಕಳ ಜೊತೆ ಇರಲು ಅಕ್ಕ ವಡ್ಡೆಪಲ್ಲಿಗೆ ಹೋದರು.

ಕೊನೆಯ ಸಲ ಅವರನ್ನು ಕಂಡದ್ದು ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ. ನಾನು ಈಗ ಅಲ್ಲೇ ಮೊಬೈಲ್ ರಿಪೇರಿ ಮಾಡುತ್ತೇನೆ. ನನ್ನ ಅಂಗಡಿಗೆ ಓಡಿ ಹೋಗಿ ಒಂದು ಲಗ್ನಪತ್ರಿಕೆ ತಂದೆ. ಗದ್ವಾಲದ ಆ ಫೈಲನ್ನು ಸರಿಪಡಿಸಿ, ವಾರ್ನಿಂಗ್ ಮತ್ತೆ ಚಾಲೂ ಮಾಡಿ, ಪ್ರತಿಯೊಂದು ಹೆಸರನ್ನೂ ಅದರ ಬೆನ್ನಿಗೆ ಬಿಚ್ಚಿ ಬರೆದಿದ್ದೆ.

"ಒಮ್ಮೆ ನೋಡ್ರಿ ಅಕ್ಕ."

ಅಕ್ಕ ಕನ್ನಡಕ ಇಳಿಸಿಕೊಂಡು ಮೊದಲಿನ ಹಾಗೆಯೇ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಎಲ್ಲಿಯೂ ಬೆರಳು ನಿಲ್ಲಲಿಲ್ಲ. ವಡ್ಡೆಪಲ್ಲಿ ಬಸ್ಸು ಬಂತು. ಪತ್ರಿಕೆಯನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಈಗ ಬರೋಬ್ಬರಿ ಐತಪ್ಪಾ ಶರಣಪ್ಪ," ಎಂದರು. "ಮಾಳಪ್ಪ ಇಲ್ಲ."