ಸಂತೆ ದಿನದ ಮಾತ್ರೆ

ಡಾ. ಅನುಸೂಯ ಅವರಿಗೆ ಮೂಳೆರೋಗದ ಪದವಿ ಇರಲಿಲ್ಲ. ಇದ್ದದ್ದು ಎಂ.ಬಿ.ಬಿ.ಎಸ್. ಒಂದೇ. ಆದರೂ ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಸೊಂಟ, ಮಂಡಿ ಹಿಡಿದುಕೊಂಡ ಹೆಂಗಸರು ದೊಡ್ಡಾಸ್ಪತ್ರೆಗೆ ಹೋಗುವ ಮೊದಲು ಅವರಲ್ಲಿಗೇ ಬರುತ್ತಿದ್ದರು. ಬಬ್ಬೂರಿನ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಓದಿ ವೈದ್ಯರಾದ ಅವರು, ಸೇವೆಯನ್ನೆಲ್ಲ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೇ ಸಲ್ಲಿಸಿ ಈಗ ನಿವೃತ್ತರಾಗುತ್ತಿದ್ದಾರೆ.

ಔಷಧಿಯನ್ನು ರೋಗಿಯ ದಿನಚರಿಗೆ ಕಟ್ಟಿಹಾಕುವುದು ಅವರ ರೀತಿ. ಕ್ಯಾಲ್ಸಿಯಂ ಮಾತ್ರೆ ದಿನವೂ ಊಟವಾದ ಮೇಲೆ. ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ. ಅರವತ್ತು ಸಾವಿರ ಯೂನಿಟ್ಟಿನ ವಿಟಮಿನ್ ಡಿ ವಾರಕ್ಕೊಂದೇ, ಎಂಟು ವಾರ. ಲೆಕ್ಕ ತಪ್ಪದಿರಲೆಂದು ‘ಸಂತೆ ದಿನ ತಗೊಳ್ಳಿ’ ಎನ್ನುತ್ತಿದ್ದರು. ಊರಿಗೆ ವಾರಕ್ಕೊಂದು ಸಂತೆ, ಯಾರೂ ಮರೆಯುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಮಂಡಿನೋವಿಗೆ ಅವರಿಂದಲೇ ಮಾತ್ರೆ ಬರೆಸಿಕೊಂಡಿದ್ದ, ಬೆಳ್ಳುಳ್ಳಿ ಮಾರುವ ತಿಪ್ಪಕ್ಕನವರನ್ನು ಮಗ ರಾಜಕುಮಾರ್ ಆಟೋದಲ್ಲಿ ಕರೆತಂದರು. ವಾಂತಿ, ತೀರದ ಬಾಯಾರಿಕೆ.

“ಮಂಡಿಯೇನೋ ಗಟ್ಟಿ ಆತವ್ವ, ಅದರ ಜತಿಗೆ ಹೊಟ್ಟೆನೂ ಕಲ್ಲಾತು” ಎಂದರು ತಿಪ್ಪಕ್ಕ.

“ವಾರದ ಮಾತ್ರೆ ಇನ್ನೂ ನುಂಗ್ತಿದೀರೇನು?”

“ಮುಗಿದಂಗೆಲ್ಲ ಅಂಗಡೀಲಿ ತರ್ತೀನಿ. ಒಂದ್ ಸಂತೆನೂ ತಪ್ಪಿಸಿಲ್ಲ.”

“ಯಾವೂರ ಸಂತೆ?”

“ಇದೇನ್ ಕೇಳ್ತೀರಿ! ಸೋಮಾರ ಒಂದೂರು, ಮಂಗಳಾರ ಇನ್ನೊಂದೂರು. ಸಂತೆ ಇಲ್ಲದ ದಿನ ನಂಗ್ಯಾವ್ದೈತೆ?”

ತಿಂಗಳುಗಟ್ಟಲೆ ವಾರದ ಮಾತ್ರೆಯನ್ನು ದಿನವೂ ನುಂಗಿದ್ದರು, ಮೇಲೆ ಕ್ಯಾಲ್ಸಿಯಂ ಬೇರೆ. ವಿಟಮಿನ್ ಡಿ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಮೂತ್ರಪಿಂಡವೇ ಕೆಡುತ್ತದೆ. ಅನುಸೂಯ ಅವರು ಎರಡನ್ನೂ ಅಲ್ಲೇ ನಿಲ್ಲಿಸಿ, ತಮ್ಮ ಕಾರಿನಲ್ಲೇ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯರೊಬ್ಬರು “ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೆ” ಎಂದಾಗ, “ಹೇಳಿದ್ದು ನಾನು. ಅವರು ಹೇಳ್ದಂಗೇ ಮಾಡಿದಾರೆ” ಎಂದರು.

ಅಂದಿನಿಂದ ಚೀಟಿ ಬರೆಯುವ ಮುಂಚೆ ಅವರು ಮೊದಲು ಕೇಳುತ್ತಿದ್ದುದು ನೋವನ್ನಲ್ಲ, “ಏನ್ ಕೆಲಸ ಮಾಡ್ತೀರಿ?” ಎಂದು. ಆಮೇಲೆ, ಬೇರೆಯವರು ಕೊಟ್ಟ ಟಾನಿಕ್ಕು, ಪುಡಿ ಏನಾದರೂ ನಡೆದಿದೆಯೆ, ಮೂತ್ರಪಿಂಡದಲ್ಲಿ ಕಲ್ಲು ಆಗಿತ್ತೆ ಎಂದು. ಎಂಟು ಮಾತ್ರೆ ಮುಗಿದ ಮೇಲೆ ರಕ್ತಪರೀಕ್ಷೆಯಿಲ್ಲದೆ ಒಂಬತ್ತನೆಯದಿಲ್ಲ. ಚೀಟಿಯಿಲ್ಲದೆ ಕೊಡಬೇಡಿರೆಂದು ಸುತ್ತಿನ ಔಷಧಿ ಅಂಗಡಿಗಳಿಗೆ ತಾವೇ ಹೋಗಿ ಜಗಳವಾಡಿ ಬಂದರು.

ಅವರು ಬಹುಕಾಲ ಆರೋಗ್ಯದಿಂದಿರಲಿ. ಬಬ್ಬೂರಿನ ಮನೆಯ ಜಗಲಿಯಲ್ಲಿ ರೋಗಿಗಳನ್ನು ನೋಡುವುದಾಗಿ ಹೇಳಿದ್ದಾರೆ, ಅದು ನಡೆಯಲಿ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಅವರು ಹಾಕಿದ ಷರತ್ತು ಒಂದೇ: ತಿಪ್ಪಕ್ಕನ ವಿಷಯ ಬಿಡಬಾರದು. ತಿಪ್ಪಕ್ಕನವರ ಜೀವ ಉಳಿಯಿತು. ಹೋದದ್ದು ಎರಡು ತಿಂಗಳ ವ್ಯಾಪಾರ, ಎಂಟು ಕಿಲೋ ತೂಕ, ಮೂತ್ರಪಿಂಡಗಳ ಶಕ್ತಿಯಲ್ಲಿ ಕಾಲು ಭಾಗ.