ಹುಣಸೆಹಣ್ಣಲ್ಲಿ ತೊಳೆದ ಟ್ರಾನ್ಸಿಸ್ಟರ್

ಟ್ರಾನ್ಸಿಸ್ಟರಿಗೆ ಹುಣಸೆಹಣ್ಣು ಹಾಕಿ ತಿಕ್ಕಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮತ್ತೆ.

ತೆರಕಣಾಂಬಿಯಲ್ಲಿ ನನ್ನ ಭಾಮೈದ ಮಾದೇವ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾನೆ. ಆಯುಧಪೂಜೆಗೆಂದು ಕುಡುಗೋಲು, ಸ್ಪ್ಯಾನರ್ ಎಲ್ಲ ತೊಳೆದ ಅತ್ತೆ, ಡಬ್ಬದಲ್ಲಿದ್ದ ಎರಡು ಸ್ಪೇರ್ ಟ್ರಾನ್ಸಿಸ್ಟರುಗಳನ್ನೂ ಬಿಡಲಿಲ್ಲ. (ರೇಡಿಯೊ ಅಲ್ಲ, ಆಂಪ್ಲಿಫೈಯರ್ ಒಳಗಿನ ಬಿಡಿಭಾಗ. ಲೋಹದ ಟೋಪಿಯಂಥವು, ಕೆಳಗೆ ಎರಡು ಕಾಲು.) ದೇವರ ದೀಪದಂತೆ ಫಳಫಳ. ಮೇಲಿದ್ದ ನಂಬರ್ ಮಾತ್ರ ನಾಪತ್ತೆ.

ಮಾರನೇ ದಿನವೇ ಆಂಪ್ಲಿಫೈಯರ್ ಕೈಕೊಡಬೇಕೆ? ಸಂಜೆ ಮಗಳ ನಿಶ್ಚಿತಾರ್ಥಕ್ಕೆ ಮೈಕ್ ಬೇಕೆಂದು ಒಬ್ಬರು ಆಟೋ ತಂದು ಜಗಲಿಯಲ್ಲಿ ಕೂತಿದ್ದರು. ಮಾದೇವ ಗುಂಡ್ಲುಪೇಟೆಗೆ, ರೇಡಿಯೊ ರಿಪೇರಿ ಮಾಡುವ ನನಗೆ, ಫೋನ್ ಮಾಡಿದ.

'ಬಾವ, ಮೀಟ್ರು ತಕ್ಕಂಡು ಬೇಗ ಬಾ. ಸುಟ್ಟೋಗಿರೋದು ಎನ್‌ಪಿಎನ್ನು. ಇಲ್ಲಿರೋದು ಒಂದು ಎನ್‌ಪಿಎನ್ನು, ಒಂದು ಪಿಎನ್‌ಪಿ. ನೋಡಕ್ಕೆ ಎರಡೂ ಒಂದೇ. ಯಾವ್ದು ಯಾವ್ದು ಅಂತ ಅವ್ವನ್ನೇ ಕೇಳ್ಬೇಕು. ತಪ್ಪಾಕುದ್ರೆ ಸೆಟ್ಟೇ ಸುಟ್ಟು ಒಗೆ ಆಯ್ತದೆ.'

ಓಡಿದೆ. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿದೆ. ಟ್ರಾನ್ಸಿಸ್ಟರಿಗೆ ಮೂರು ತುದಿ; ಇಂಥದ್ದರಲ್ಲಿ ಲೋಹದ ಮೈಯೇ ಕಲೆಕ್ಟರ್ ಎಂಬ ತುದಿ. ಮೈ ಜೊತೆಗೂ ಇನ್ನೊಂದು ಕಾಲಿನ ಜೊತೆಗೂ ಮಾತಾಡುವ, ಅಂದರೆ ಮೀಟರಿನಲ್ಲಿ ರೀಡಿಂಗ್ ತೋರಿಸುವ, ಕಾಲು ಬೇಸ್. ಉಳಿದದ್ದು ಎಮಿಟರ್. ಬೇಸಿಗೆ ಮೀಟರಿನ ಕೆಂಪು ಕಡ್ಡಿ ಇಟ್ಟಾಗ ಮಾತಾಡಿದರೆ ಎನ್‌ಪಿಎನ್, ಕಪ್ಪು ಇಟ್ಟಾಗ ಮಾತಾಡಿದರೆ ಪಿಎನ್‌ಪಿ. ಇಷ್ಟು ವಿಚಾರಿಸಿದರೆ ಜಾತಕ ಕೈಯಲ್ಲಿ.

ಅತ್ತ ಜಗಲಿಯಲ್ಲಿ ಅತ್ತೆಯದೂ ಟೆಸ್ಟಿಂಗ್ ಶುರುವಾಗಿತ್ತು. ಮುಂದೆ ಕಾಫಿ ಪಾತ್ರೆ. ಒಂದು ಕೈಯಲ್ಲಿ ಸ್ಟೀಲ್ ಲೋಟ, ಇನ್ನೊಂದರಲ್ಲಿ ಪೇಪರ್ ಲೋಟ. (ನಮ್ಮವರಾದರೆ ಸ್ಟೀಲು, ಬೇರೆಯವರಾದರೆ ಪೇಪರ್ರು.)

'ಯಾವೂರಪ್ಪ?'

'ಸಂತೆಮರಳ್ಳಿ ಕಣಮ್ಮ.'

'ಯಾವ ಬೀದಿ?'

'ಬಸ್‌ಸ್ಟ್ಯಾಂಡ್ ಇಂದ್ಗಡೆ.'

'ಮನೆದೇವ್ರು?'

'ಮಾದಪ್ಪ.'

ನಮ್ಮ ಕಡೆ ಮಾದಪ್ಪ ಯಾರಿಗೆ ದೇವರಲ್ಲ ಹೇಳಿ? ಅತ್ತೆಯ ಮೀಟರಿನಲ್ಲಿ ರೀಡಿಂಗೇ ಬರಲಿಲ್ಲ. ಕೇಳಿಸಿಕೊಳ್ಳುತ್ತಿದ್ದ ನನಗೆ ನಾಚಿಕೆಯಾಯಿತು. ಕೂತವರಿಗೆ ಕಾಫಿ ಕೊಡದೆ ಕಳಿಸುವ ಜೀವವಲ್ಲ ಅದು, ನಿಜ. ಆದರೆ ಕೊಡಲೂ ಆಗುತ್ತಿಲ್ಲವಲ್ಲ?

ಅಷ್ಟರಲ್ಲಿ ಎನ್‌ಪಿಎನ್ ಸಿಕ್ಕಿತು. ಮಾದೇವ ಬೆಸುಗೆ ಹಾಕಿ, ಮೈಕನ್ನು ಜಗಲಿಯಲ್ಲಿ ಕೂತಿದ್ದವರ ಕೈಗೇ ಕೊಟ್ಟ. 'ನೀವೇ ಮಾತಾಡ್ ನೋಡಿ.'

ಅವರು ಗಂಟಲು ಸರಿಮಾಡಿಕೊಂಡರು. ಇಡೀ ಬೀದಿಗೆ ಕೇಳಿತು.

'ಅಲೋ, ಅಲೋ... ಕಾಪಿ ಆರೋಯ್ತಾ ಅದೆ ಕಣಮ್ಮ.'

ಎದುರು ಮನೆಯವರು ಇಣುಕಿದರು. ಅತ್ತೆ ತಡಬಡಾಯಿಸಿ ಸ್ಟೀಲ್ ಲೋಟಕ್ಕೇ ಸುರಿದರು. ಅವರು ನಿಧಾನವಾಗಿ ಕುಡಿದು, ಸೆಟ್ಟು ಆಟೋಗೆ ಹಾಕಿಸಿಕೊಂಡು ಹೊರಟರು.

ಕೈತೊಳೆಯಲು ಹಿತ್ತಿಲಿಗೆ ಹೋದರೆ, ಅತ್ತೆ ಆ ಲೋಟಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು.

ಅಳಿಸುವುದಕ್ಕೆ ಅದರ ಮೇಲೆ ಯಾವ ನಂಬರ್ ಇತ್ತು?