ಮಸೂದೆಗೆ ಮಾತು ಹೊಂದಿಸುವ ಕರಡಪ್ಪನವರು
ಶಾಸನಸಭೆಯಲ್ಲಿ ಮಸೂದೆಗಳ ಕರಡು ಬರೆಯುವ ಹಿರಿಯ ಗುಮಾಸ್ತರನ್ನು ಎಲ್ಲರೂ ಕರೆಯುವುದು ಕರಡಪ್ಪನವರೆಂದೇ. ಎರಡು ಪಕ್ಷದವರು ಒಂದು ಪದಕ್ಕಾಗಿ ಮೇಜು ಗುದ್ದುತ್ತಿದ್ದರೆ ಇವರು ಪೆನ್ಸಿಲ್ ಹೆರೆಯುತ್ತ ಕೂತಿರುತ್ತಾರೆ, ಗಂಟಲು ಒಣಗಿ ಇಬ್ಬರೂ ನೀರಿನ ಲೋಟಕ್ಕೆ ಕೈ ಹಾಕಿದಾಗ, "'ಸಾಧ್ಯವಾದ ಮಟ್ಟಿಗೆ' ಅಂತ ಸೇರಿಸಿಬಿಡೋಣ್ವಾ ಸಾರ್?" ಎನ್ನುತ್ತಾರೆ. ಆ ಮಾತಿನಿಂದ ತಣ್ಣಗಾದ ಜಗಳಗಳಿಗೆ ಲೆಕ್ಕವಿಲ್ಲ. ಮನೆಯಲ್ಲಿ ಹೆಂಡತಿ "ಇವತ್ತು ಬೇಗ ಬರ್ತೀರಾ?" ಎಂದರೂ ಅದೇ ಉತ್ತರ, "ಸಾಧ್ಯವಾದ ಮಟ್ಟಿಗೆ." "ನನ್ನ ಹತ್ರ ಕಾನೂನು ಮಾಡ್ಬೇಡಿ" ಎಂದು ಆಕೆ ನಗುತ್ತಾರೆ. ಆದರೆ ಈ ಸಲದ ಆರೋಗ್ಯ ಮಸೂದೆಯಲ್ಲಿ, ಅಪಘಾತವಾಗಿ ಬಂದವರಿಗೆ ಆಸ್ಪತ್ರೆಗಳು ಕೂಡಲೇ ಚಿಕಿತ್ಸೆ 'ಕೊಡತಕ್ಕದ್ದು' ಎಂದು ಒಂದು ಪಕ್ಷ, 'ಕೊಡಬಹುದು' ಎಂದು ಇನ್ನೊಂದು ಪಕ್ಷ ಮೂರು ದಿನ ಹಗ್ಗ ಜಗ್ಗಾಡಿದವು. ಸುಸ್ತಾದ ಸಮಿತಿಯ ಅಧ್ಯಕ್ಷೆ, "ನಿಮ್ಮ ಮಾಮೂಲಿ ಮಾತು ಸೇರಿಸಿ, ಮುಗಿಸೋಣ" ಎಂದರು. ಕರಡಪ್ಪನವರು ಬರೆಯಲಿಲ್ಲ. "ಇಲ್ಲಿ ಬೇಡ ಮೇಡಂ. ನನ್ನ ತಮ್ಮ ಆಸ್ಪತ್ರೆಯ ಬೆಂಚಿನ ಮೇಲೇ ಹೋಗ್ಬಿಟ್ಟ. ಒಳಗೆ ಡಾಕ್ಟರ್ ಇದ್ರು. ನೋಡ್ಲೇಬೇಕು ಅಂತ ಎಲ್ಲೂ ಬರೆದಿರ್ಲಿಲ್ಲ." ಮೂವತ್ತು ವರ್ಷ ಜೊತೆಗಿದ್ದವರಿಗೂ ಅವರಿಗೊಬ್ಬ ತಮ್ಮನಿದ್ದದ್ದು ಗೊತ್ತಿರಲಿಲ್ಲ. 'ಕೊಡಬಹುದು' ಎನ್ನುತ್ತಿದ್ದ ಪಕ್ಷದ ಮುಖಂಡರು ಕರಡಿನ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, "ಸಣ್ಣ ಆಸ್ಪತ್ರೆಗಳಿಗೆ ಒಂದು ವರ್ಷ ಟೈಮ್ ಕೊಡಿ, 'ಕೊಡತಕ್ಕದ್ದು' ಅಂತಲೇ ಇರ್ಲಿ ಬಿಡಿ" ಎಂದರು. ಎದುರು ಪಕ್ಷದವರು ಆರು ತಿಂಗಳೆಂದರು, ಒಂಬತ್ತಕ್ಕೆ ಇತ್ಯರ್ಥವಾಯಿತು. 'ಕೊಡತಕ್ಕದ್ದು' ಎಂಬ ಸಾಲನ್ನು ಸಭೆಯಲ್ಲಿ ಓದಿದ ದಿನ ಕರಡಪ್ಪನವರು ಕೊನೆಯ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದರು.